ಮೇಲ್ ತೆರೆದದ್ದು ಅವರಿಗೆ ಹೇಗೆ ಗೊತ್ತಾಯಿತು? ಮನೆ ಗುಂಪಿನ ಒಂದು ಚರ್ಚೆ

ದೊಡ್ಡಪ್ಪ (ಫಾರ್ವರ್ಡ್): ⚠️ ಎಚ್ಚರ! ಇಮೇಲ್‌ನಲ್ಲಿ ಬಂದ ಚಿತ್ರ ತೆರೆದರೆ ಸಾಕು, ಬ್ಯಾಂಕ್ ಖಾತೆ ಖಾಲಿ! ಈಗಲೇ ಸೆಟ್ಟಿಂಗ್ಸ್‌ಗೆ ಹೋಗಿ ಚಿತ್ರ ಬಂದ್ ಮಾಡಿ. 20 ಜನರಿಗೆ ಕಳಿಸಿ, ಒಂದು ಕುಟುಂಬ ಉಳಿಸಿ 🙏

ದೊಡ್ಡಪ್ಪ: ಎಲ್ಲರೂ ಮಾಡಿಕೊಳ್ಳಿ. ನಾನು ಬೆಳಿಗ್ಗೆಯೇ ನಮ್ಮಿಬ್ಬರ ಫೋನಲ್ಲೂ ಮಾಡಿದೆ.

ದೊಡ್ಡಮ್ಮ: ಅದಕ್ಕೇ ನನ್ನ ಬಸ್ ಟಿಕೆಟ್ ಮೇಲ್‌ನಲ್ಲಿ ಬರೀ ಖಾಲಿ ಚೌಕ ಕಾಣ್ತಿರೋದು. ನಾಳೆ ಕಂಡಕ್ಟರ್‌ಗೆ ಏನು ತೋರಿಸಲಿ?

ಅಣ್ಣ: ಅಪ್ಪಾ, ಇದು ಸುಳ್ಳು ಫಾರ್ವರ್ಡ್. ಚಿತ್ರ ನೋಡಿದ ಮಾತ್ರಕ್ಕೆ ದುಡ್ಡು ಹೋಗಲ್ಲ. ಡಿಲೀಟ್ ಮಾಡಿ, ಸೆಟ್ಟಿಂಗ್ ಮೊದಲಿನ ಹಾಗೆ ಮಾಡಿ. ಜಿಮೇಲ್ 2013ರಿಂದಲೇ ಎಲ್ಲ ಚಿತ್ರಗಳನ್ನೂ ತನ್ನ ಸರ್ವರ್ ಮೂಲಕ ತರಿಸಿ ತೋರಿಸುತ್ತೆ. ಭಯ ಪಡೋದು ಏನೂ ಇಲ್ಲ.

ನಾನು: ಅಣ್ಣ, ದುಡ್ಡಿನ ಮಾತು ಸುಳ್ಳು, ಒಪ್ಪಿದೆ. ಆದರೆ ಸೆಟ್ಟಿಂಗ್ ಒಳ್ಳೆಯದು. ಫಾರ್ವರ್ಡ್ ಕಾರಣ ತಪ್ಪು ಹೇಳಿದೆ, ಅಷ್ಟೇ. ದೊಡ್ಡಪ್ಪ, ಅದನ್ನು ಹಾಗೇ ಬಿಡಿ.

ಅಣ್ಣ: ಯಾಕೆ? ಯಾರಿಗೆ ಏನು ಗೊತ್ತಾಗುತ್ತೆ?

ಶೈಲತ್ತೆ: ಪುಟ್ಟಿ, ಇದಕ್ಕೂ ನನ್ನ ಇನ್ಶೂರೆನ್ಸ್ ಕಥೆಗೂ ಸಂಬಂಧ ಇದೆಯಾ? ಹೋದ ತಿಂಗಳು ರಾತ್ರಿ ಊಟ ಆದಮೇಲೆ ಒಂದು ಆರೋಗ್ಯ ವಿಮೆ ಮೇಲ್ ತೆರೆದು ನೋಡಿದೆ. ಯಾವುದನ್ನೂ ಒತ್ತಲಿಲ್ಲ, ಉತ್ತರ ಕೊಡಲಿಲ್ಲ. ಬೆಳಿಗ್ಗೆ ಒಬ್ಬ ಹುಡುಗ ಫೋನ್ ಮಾಡಿ "ಮೇಡಂ, ರಾತ್ರಿ ನಮ್ಮ ಮೇಲ್ ನೋಡಿದ್ರಿ ಅಲ್ವಾ, ಹಿರಿಯರ ಪಾಲಿಸಿ ಬಗ್ಗೆ ಮಾತಾಡೋಣ್ವಾ" ಅಂದ. ನನಗೆ ಕೈಕಾಲು ತಣ್ಣಗಾಯಿತು. ಇವರು "ಸುಮ್ನೆ ಅಂದಾಜಲ್ಲಿ ಕೇಳಿರ್ತಾರೆ ಬಿಡು" ಅಂದರು.

ನಾನು: ಅತ್ತೆ, ಅಂದಾಜಲ್ಲ. ಆ ಮೇಲ್ ಇನ್ನೂ ಇದ್ದರೆ ನನಗೆ ಕಳಿಸಿ. ನನ್ನಲ್ಲಿ ಚಿತ್ರ ಬಂದ್ ಮಾಡಿಟ್ಟಿದ್ದೇನೆ. ಇಲ್ಲದಿದ್ದರೆ ನಾನು ತೆರೆದರೂ ಅವರ ಲೆಕ್ಕದಲ್ಲಿ ನೀವೇ ಇನ್ನೊಂದು ಸಲ ತೆರೆದ ಹಾಗೆ ಬೀಳುತ್ತದೆ.

ಶೈಲತ್ತೆ: ಕಳಿಸಿದೆ.

ನಾನು: ನೋಡಿದೆ. ಲೋಗೋ ಇದೆ, ನಗುವ ಅಜ್ಜ-ಅಜ್ಜಿ ಫೋಟೋ ಇದೆ. ಎಲ್ಲಕ್ಕಿಂತ ಕೆಳಗೆ, ಕೋಡ್ ತೆರೆದರೆ ಮಾತ್ರ ಕಾಣುವ ಇನ್ನೊಂದು ಚಿತ್ರ ಇದೆ. ಅಗಲ 1, ಎತ್ತರ 1. ಅಂದರೆ ಒಂದೇ ಒಂದು ಚುಕ್ಕಿ, ಅದಕ್ಕೂ ಬಣ್ಣವಿಲ್ಲ. ಅದರ ವಿಳಾಸದ ತುದಿಯಲ್ಲಿ ಅಕ್ಷರ, ಅಂಕಿ ಸೇರಿದ ಉದ್ದದ ಸಾಲು. ಆ ಸಾಲು ನಿಮ್ಮೊಬ್ಬರಿಗೇ ಮಾಡಿದ್ದು, ಬೇರೆಯವರ ಮೇಲ್‌ನಲ್ಲಿ ಬೇರೆ ಇರುತ್ತದೆ. ಆ ಚಿತ್ರ ಮೇಲ್‌ನ ಒಳಗೆ ಬಂದಿರುವುದಿಲ್ಲ, ಅವರ ಸರ್ವರ್‌ನಲ್ಲೇ ಇರುತ್ತದೆ. ನೀವು ಮೇಲ್ ತೆರೆದಾಗ ಫೋನ್ ಹೋಗಿ ಅದನ್ನು ಕೇಳುತ್ತದೆ. ಕೇಳಿದ ಗಳಿಗೆ ಅವರಲ್ಲಿ ದಾಖಲಾಗುತ್ತದೆ: ಈ ವಿಳಾಸದವರು, ಇಷ್ಟು ಗಂಟೆಗೆ, ತೆರೆದರು.

ಶೈಲತ್ತೆ: ಅಯ್ಯೋ ದೇವರೇ.

ದೊಡ್ಡಪ್ಪ: ನಾನು ಅಂಚೆ ಇಲಾಖೆಯಲ್ಲಿ ಸರ್ವಿಸ್ ಮಾಡಿದವನು. ರಿಜಿಸ್ಟರ್ಡ್ ಪೋಸ್ಟ್‌ಗೆ ಎ.ಡಿ. ಕಾರ್ಡ್ ಇರುತ್ತಿತ್ತು. ಕಾಗದ ಪಡೆದವರು ಅದರ ಮೇಲೆ ಸಹಿ ಹಾಕುತ್ತಿದ್ದರು, ಆಮೇಲೆ ಕಳಿಸಿದವರಿಗೆ ವಾಪಸ್. ಸಹಿ ಕೇಳದೆ ಯಾರೂ ಕಾರ್ಡ್ ಕಳಿಸುತ್ತಿರಲಿಲ್ಲ. ಇದು ಅದೇ, ಆದರೆ ಸಹಿ ಕೇಳುವುದಿಲ್ಲ.

ನಾನು: ಹೌದು ದೊಡ್ಡಪ್ಪ. ನನ್ನ ಸಿಟ್ಟೂ ಅದಕ್ಕೇ.

ಅಣ್ಣ: ನಿಲ್ಲಿ. ಜಿಮೇಲ್ ನಡುವೆ ಸರ್ವರ್ ಇಟ್ಟಿದೆ ಅಂದೆನಲ್ಲ?

ನಾನು: ಇಟ್ಟಿದೆ, ಒಳ್ಳೆಯ ಕೆಲಸವೇ. ಅದರಿಂದ ನಿನ್ನ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿನ್ನ ಸಂಪರ್ಕದ ಗುರುತಿನ ಸಂಖ್ಯೆ, ಮೇಲ್ ಕಳಿಸಿದವರಿಗೆ ಸಿಗುವುದಿಲ್ಲ. ಹಾಗಾಗಿ ಯಾವ ಊರಲ್ಲಿ ಕೂತು ನೋಡಿದೆ ಅನ್ನುವುದು ಗೊತ್ತಾಗುವುದಿಲ್ಲ. ಆದರೆ ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಇಟ್ಟಿದ್ದರೆ, ಅದನ್ನು ಜಿಮೇಲ್ ಬಂದು ಕೇಳಿದರೂ ಯಾರ ಮೇಲ್ ತೆರೆಯಿತು ಅಂತ ಗೊತ್ತಾಗುತ್ತದೆ. ಗೂಗಲ್‌ನ ಸಹಾಯ ಪುಟದಲ್ಲೇ ಇದನ್ನು ಹೇಳಿದ್ದಾರೆ.

ಶೈಲತ್ತೆ: ನನ್ನದು ಐಫೋನ್. ಅದರಲ್ಲಿ ಇದಕ್ಕೆಲ್ಲ ರಕ್ಷಣೆ ಇದೆ ಅಂತ ಅಂಗಡಿಯವನು ಹೇಳಿದ್ದ.

ನಾನು: ಇದೆ ಅತ್ತೆ, ಆಪಲ್‌ನ ಸ್ವಂತ ಮೇಲ್ ಆ್ಯಪ್‌ನಲ್ಲಿ ಮಾತ್ರ. 2021ರಲ್ಲಿ ಐಫೋನ್‌ನ ತಂತ್ರಾಂಶ ಐಒಎಸ್ 15 ಜೊತೆ ಬಂತು. ಅದನ್ನು ಆನ್ ಮಾಡಿದರೆ ನೀವು ಮೇಲ್ ತೆರೆಯಲಿ, ಬಿಡಲಿ, ಚಿತ್ರಗಳನ್ನು ಮೊದಲೇ ಹಿನ್ನೆಲೆಯಲ್ಲಿ ತರಿಸಿಬಿಡುತ್ತದೆ, ಐಪಿಯನ್ನೂ ಮರೆಮಾಡುತ್ತದೆ. ಕಳಿಸಿದವರಿಗೆ ನಿಜವಾಗಿ ಓದಿದವರು ಯಾರು ಅಂತ ತಿಳಿಯುವುದಿಲ್ಲ. ಆದರೆ ನೀವು ಐಫೋನ್‌ನಲ್ಲಿ ಜಿಮೇಲ್ ಆ್ಯಪ್ ಬಳಸುತ್ತೀರಿ. ಅದಕ್ಕೆ ಆ ರಕ್ಷಣೆ ಅನ್ವಯ ಆಗುವುದಿಲ್ಲ.

ಮಾವ: ಈಗ ನಾನೂ ಮಾತಾಡಬೇಕು. ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಾನು ಕಾಫಿಪುಡಿ, ಮೆಣಸು ಮಾರುವವನು. ತಿಂಗಳಿಗೊಂದು ಮೇಲ್ ಕಳಿಸುತ್ತೇನೆ. ಎಷ್ಟು ಜನ ತೆರೆದರು ಅಂತ ನೋಡಿ, ಮುಂದಿನ ಸಲ ಏನು ಬರೆಯಬೇಕು ಅಂತ ತೀರ್ಮಾನ ಮಾಡುತ್ತೇನೆ. ಬೆಂಗಳೂರಿನ ಗಿರಾಕಿ ನನ್ನ ಮೇಲ್ ಓದಿದರಾ ಇಲ್ಲವಾ ಅಂತ ತಿಳಿಯುವ ದಾರಿ ನನಗೆ ಇನ್ಯಾವುದಿದೆ? ಎಲ್ಲರೂ ಚಿತ್ರ ಬಂದ್ ಮಾಡಿದರೆ ನನ್ನಂಥ ಸಣ್ಣವರು ಏನು ಮಾಡಬೇಕು? ದೊಡ್ಡ ಕಂಪನಿಗಳಿಗೆ ಬೇರೆ ನೂರು ದಾರಿ ಇವೆ.

ಶೈಲತ್ತೆ: ಅಂದರೆ ಆ ಹುಡುಗ ನನಗೆ ಮಾಡಿದ್ದನ್ನೇ ನೀವೂ ಮಾಡ್ತಿದ್ದೀರಾ?

ಮಾವ: ನಾನು ಯಾರಿಗೂ ಫೋನ್ ಮಾಡಿಲ್ಲ! ಬರೀ ಒಟ್ಟು ಸಂಖ್ಯೆ ನೋಡುತ್ತೇನೆ.

ನಾನು: ಮಾವ, ನಿಮ್ಮ ಉದ್ದೇಶದ ಮೇಲೆ ನನಗೆ ಸಂಶಯವಿಲ್ಲ. ಆದರೆ ನೀವು ಆ ಲೆಕ್ಕ ನೋಡುವ ಪುಟದಲ್ಲಿ ಒಂದೊಂದು ವಿಳಾಸದ ಪಕ್ಕ ಸಮಯವೂ ಇರುತ್ತದೆ ಅಲ್ವಾ?

ಮಾವ: ...ಇರುತ್ತದೆ. ಎಷ್ಟು ಸಲ ತೆರೆದರು ಅಂತಲೂ ಇರುತ್ತದೆ.

ನಾನು: ಗಿರಾಕಿಗೆ ಅದು ಗೊತ್ತಿಲ್ಲ. ನೀವು ಕೇಳಿಯೂ ಇಲ್ಲ. ಮತ್ತೆ ಆ ಪಟ್ಟಿ ನಿಮ್ಮಲ್ಲಿ ಮಾತ್ರ ಇರುವುದಿಲ್ಲ, ಮೇಲ್ ಕಳಿಸುವ ಸೇವೆಯವರ ಸರ್ವರ್‌ನಲ್ಲೂ ಇರುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2018ರಲ್ಲಿ ಮೇಲಿಂಗ್ ಲಿಸ್ಟ್‌ಗಳ ಮೇಲ್ ಪರೀಕ್ಷೆ ಮಾಡಿ ಪ್ರಕಟಿಸಿದ್ದರು. ಅದರಲ್ಲಿ ಸುಮಾರು 29% ಮೇಲ್‌ಗಳು, ತೆರೆದ ಕೂಡಲೇ ಓದುಗರ ಇಮೇಲ್ ವಿಳಾಸವನ್ನು ಕನಿಷ್ಠ ಒಬ್ಬ ಮೂರನೆಯವರಿಗೆ ಸೋರಿಸುತ್ತಿದ್ದವು.

ಇನ್ನೊಂದು. ಸೂಪರ್‌ಹ್ಯೂಮನ್ ಅಂತ ಅಮೆರಿಕದ ಮೇಲ್ ಆ್ಯಪ್. ಅದನ್ನು ಬಳಸುವವರಿಗೆ, ತಾವು ಕಳಿಸಿದ ಮೇಲ್ ಯಾವಾಗ ತೆರೆದರು, ಯಾವ ಜಾಗದಲ್ಲಿ ತೆರೆದರು ಎರಡೂ ಕಾಣುತ್ತಿತ್ತು. 2019ರಲ್ಲಿ ಜನ ಗಲಾಟೆ ಮಾಡಿದರು. ಬಿಟ್ಟು ಹೋದ ಗಂಡನೋ, ಹಿಂಬಾಲಿಸುವವನೋ ಒಂದು ಮೇಲ್ ಕಳಿಸಿ ಹೆಂಗಸು ಎಲ್ಲಿದ್ದಾಳೆ ಅಂತ ಪತ್ತೆ ಹಚ್ಚಬಹುದಲ್ಲ? ಕಂಪನಿ ಜಾಗದ ಮಾಹಿತಿ ತೆಗೆದುಹಾಕಿತು. ತೆರೆದ ಲೆಕ್ಕವನ್ನೂ, ಬೇಕಾದವರು ತಾವೇ ಆನ್ ಮಾಡಿಕೊಳ್ಳುವ ಹಾಗೆ ಬದಲಿಸಿತು. ಮಾಡಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಆದರೂ ಹೀಗಾಯಿತು.

ದೊಡ್ಡಪ್ಪ: ಇದನ್ನೆಲ್ಲ ಬರೆದಿದ್ದರೆ ನಾನೂ ಆ ಸುಳ್ಳು ಫಾರ್ವರ್ಡ್ ಕಳಿಸುತ್ತಿರಲಿಲ್ಲ. ಬ್ಯಾಂಕ್ ವಿಷಯ ಏನು ಹಾಗಾದರೆ?

ನಾನು: ದುಡ್ಡು ಹೋಗುವುದು ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟಾಗ, ಒಟಿಪಿ ಹೇಳಿದಾಗ, ಮದುವೆ ಕರೆಯೋಲೆ ಅಂತ ಬಂದ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಹಾಕಿಕೊಂಡಾಗ. ಚಿತ್ರ ಬಂದ್ ಮಾಡಿದರೆ ಇವು ಯಾವುವೂ ನಿಲ್ಲುವುದಿಲ್ಲ. ಅದಕ್ಕೇ ಆ ಫಾರ್ವರ್ಡ್ ಅಪಾಯ. ಸೆಟ್ಟಿಂಗ್ ಮಾಡಿದೆ, ಇನ್ನು ಭಯವಿಲ್ಲ ಅಂತ ಜನ ಮೈಮರೆಯುತ್ತಾರೆ. ಮೋಸ ಆದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಚಿತ್ರ ಬಂದ್ ಮಾಡುವುದರಿಂದ ಈ ವಿಷಯದಲ್ಲಿ ಒಂದು ಉಪಯೋಗ ಇದೆ: ಸ್ಪ್ಯಾಮ್ ಕಳಿಸುವವರಿಗೆ ಈ ವಿಳಾಸ ಬಳಕೆಯಲ್ಲಿದೆ ಅಂತ ಖಾತ್ರಿ ಸಿಗುವುದಿಲ್ಲ.

ದೊಡ್ಡಪ್ಪ: ಡಿಲೀಟ್ ಮಾಡಿದೆ. ಕಳಿಸಿದವರಿಗೂ ಹೇಳುತ್ತೇನೆ.

ದೊಡ್ಡಮ್ಮ: ನನ್ನ ಟಿಕೆಟ್?

ನಾನು: ದೊಡ್ಡಮ್ಮ, ಆ ಮೇಲ್‌ನ ಮೇಲ್ಭಾಗದಲ್ಲೇ ಚಿತ್ರ ತೋರಿಸು ಅನ್ನುವ ಸಾಲು ಇದೆ. ಅದನ್ನು ಒತ್ತಿ. ಆ ಒಂದು ಮೇಲ್‌ಗೆ ಮಾತ್ರ ತೆರೆಯುತ್ತದೆ. ಟಿಕೆಟ್ ಪಿಡಿಎಫ್ ಲಗತ್ತಾಗಿ ಬಂದಿದ್ದರೆ ಅದಕ್ಕೆ ಈ ಸೆಟ್ಟಿಂಗ್ ಅಡ್ಡಿಯೇ ಅಲ್ಲ. ನಮ್ಮ ಮನೆಯವರು ಲಗತ್ತಿಸಿ ಕಳಿಸುವ ಫೋಟೋಗಳಿಗೂ ಅಡ್ಡಿಯಿಲ್ಲ. ಹೊರಗಿನ ಸರ್ವರ್‌ನಿಂದ ಬರುವುದಕ್ಕೆ ಮಾತ್ರ ತಡೆ.

ದೊಡ್ಡಮ್ಮ: ಬಂತು ಬಂತು. ಕ್ಯೂಆರ್ ಕಾಣ್ತಿದೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡೆ.

ಶೈಲತ್ತೆ: ನನಗೂ ಎಲ್ಲಿ ಅಂತ ಹೇಳು.

ನಾನು: ಜಿಮೇಲ್ ಆ್ಯಪ್ ಮೆನು, ಅದರಲ್ಲಿ ಸೆಟ್ಟಿಂಗ್ಸ್, ನಿಮ್ಮ ಖಾತೆ, ಇಮೇಜಸ್. ಹೊರಗಿನ ಚಿತ್ರ ತೋರಿಸುವ ಮೊದಲು ಕೇಳು ಅನ್ನುವುದನ್ನು ಆರಿಸಿ. ಇದೇನು ಹೊಸ ಅತಿರೇಕವೂ ಅಲ್ಲ. ಕಂಪ್ಯೂಟರ್‌ನಲ್ಲಿ ಮೇಲ್ ನೋಡುವ ಔಟ್‌ಲುಕ್ 2003ರಲ್ಲೇ ಹೊರಗಿನ ಚಿತ್ರಗಳನ್ನು ತಾನಾಗಿ ತರಿಸುವುದನ್ನು ನಿಲ್ಲಿಸಿತ್ತು. ಅಂಥದ್ದೇ ಇನ್ನೊಂದು ತಂತ್ರಾಂಶ ಥಂಡರ್‌ಬರ್ಡ್ ಕೂಡ ಕೇಳಿಯೇ ತೋರಿಸುತ್ತದೆ.

ಅಣ್ಣ: ಸರಿ, ನಾನೂ ಬದಲಿಸಿದೆ. ಆದರೆ ಮಾವ ಹೇಳಿದ್ದರಲ್ಲೂ ಅರ್ಥ ಇದೆ. ಅವರಿಗೆ ದಾರಿ ಏನು?

ನಾನು: ಮಾವ, ಆಪಲ್ ಮೇಲ್ ಬಳಸುವ ಗಿರಾಕಿಗಳು ಓದದಿದ್ದರೂ ನಿಮ್ಮ ಪಟ್ಟಿಯಲ್ಲಿ ತೆರೆದವರಾಗಿ ಕಾಣುತ್ತಿರುತ್ತಾರೆ. ಚಿತ್ರ ಬಂದ್ ಮಾಡಿದವರು ಓದಿದ್ದರೂ ಕಾಣುವುದಿಲ್ಲ. ನೀವು ನಂಬಿಕೊಂಡ ಸಂಖ್ಯೆಯೇ ನೆಟ್ಟಗಿಲ್ಲ. ಆರ್ಡರ್ ಎಷ್ಟು ಬಂತು, ಉತ್ತರ ಎಷ್ಟು ಜನ ಬರೆದರು, ಅದನ್ನು ಲೆಕ್ಕ ಇಡಿ.

ಮಾವ: 2021ರಿಂದ ಸಂಖ್ಯೆ ಜಾಸ್ತಿ ಆಗಿದ್ದು ನಿಜ. ಮಾರಾಟ ಹಾಗೆ ಜಾಸ್ತಿ ಆಗಲಿಲ್ಲ. ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದೆ.

ಶೈಲತ್ತೆ: ಹಾಗಾದರೆ ತೆಗೆದುಹಾಕಿ.

ಮಾವ: ತೆರೆದ ಲೆಕ್ಕ ತೆಗೆಯುತ್ತೇನೆ. ಲಿಂಕ್ ಒತ್ತಿದವರ ಲೆಕ್ಕ ಮಾತ್ರ ಬಿಡಲ್ಲ. ಯಾವ ಪುಡಿ ಜನ ನೋಡುತ್ತಾರೆ ಅಂತ ನನಗೆ ತಿಳಿಯಲೇಬೇಕು.

ನಾನು: ಅದನ್ನು ಮೇಲ್‌ನಲ್ಲೇ ಹೇಳಿಬಿಡಿ ಮಾವ. ಲಿಂಕ್ ಒತ್ತಿದರೆ ನಮಗೆ ತಿಳಿಯುತ್ತದೆ ಅಂತ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ. ಆಮೇಲೆ ಒತ್ತುವುದು ಬಿಡುವುದು ಅವರ ಇಷ್ಟ.

ಮಾವ: ಆ ಸಾಲು ನೀನೇ ಬರೆದು ಕಳಿಸು. ಸೋಮವಾರದ ಮೇಲ್‌ಗೆ ಹಾಕುತ್ತೇನೆ.