ಲೇಸರ್ ಆದ್ಮೇಲಿನ ನೋಟ: ಹೇಲೋ, ಗ್ಲೇರ್, ಸ್ಟಾರ್‌ಬರ್ಸ್ಟ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮೈನಸ್ ಪವರ್‌ಗೆ ಲೇಸಿಕ್ (ಲೇಸರ್‌ನಿಂದ ಕಣ್ಣಿನ ಪವರ್ ತಿದ್ದೋ ಆಪರೇಷನ್) ಮಾಡಿಸಿಕೊಂಡೋರಿಗೆ ಕೊಡೋ ಪ್ರಶ್ನಾವಳಿ ಒಂದನ್ನ ಕನ್ನಡಕ್ಕೆ ತರ್ತಾ ಇದೀನಿ, "ಕ್ವಾಲಿಟಿ ಆಫ್ ವಿಷನ್" ಅನ್ನೋ ಕಡೆ ಬಂದು ನಿಂತಿದೀನಿ. "ದೃಷ್ಟಿಯ ಗುಣಮಟ್ಟ" ಅಂತ ಹಾಕಿದ್ರೆ ಯಾರೂ ತಪ್ಪು ಅನ್ನಲ್ಲ, ಆದ್ರೆ ಓದಿದೋರು "ಕೊನೇ ಸಾಲಿನ ತನಕ ಓದಿದೆನಲ್ಲ, ಚೆನ್ನಾಗೇ ಇದೆ" ಅಂತ ಟಿಕ್ ಹಾಕಿ ಮುಂದೆ ಹೋಗ್ತಾರೆ.

ಕಣ್ಣು ಪರೀಕ್ಷೆಲಿ ಓದಿಸೋ ಆ ಸಾಲುಗಳು ಅಳೆಯೋದು ದೃಷ್ಟಿ ತೀಕ್ಷ್ಣತೆ ಮಾತ್ರ. ಡಚ್ ಕಣ್ಣಿನ ಡಾಕ್ಟರ್ ಸ್ನೆಲೆನ್ 1862ರಲ್ಲಿ ಮಾಡಿದ ಅಕ್ಷರಪಟ್ಟಿ, ನೋಟ ಸರಿ ಇದ್ರೆ 6/6 ಅನ್ನೋ ಲೆಕ್ಕ, ಬಿಳಿ ಮೇಲೆ ಕಡುಗಪ್ಪು ಅಕ್ಷರ. ಅಲ್ಲಿ ಪೂರ್ತಿ ಓದಿದ ಮನುಷ್ಯನೇ ರಾತ್ರಿ ಗಾಡಿ ಓಡಿಸುವಾಗ ಎದುರಿನ ದೀಪಕ್ಕೆಲ್ಲ ಬಳೆ ತೊಡಿಸಿದ ಹಾಗಿದೆ ಅಂತಾನೆ, ಎರಡೂ ನಿಜ. ಲೇಸರ್ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ನಡುಭಾಗನ ಚಪ್ಪಟೆ ಮಾಡುತ್ತೆ, ಪೂರ್ತಿ ತಿದ್ದಿದ ಜಾಗ ಸಾಮಾನ್ಯವಾಗಿ 6-6.5 ಮಿಲಿಮೀಟರ್ ಅಗಲ, ಕತ್ತಲಲ್ಲಿ ಕಣ್ಣಪಾಪೆ ಅರಳಿದಾಗ ಅಂಚಿನ ಬೆಳಕೂ ಒಳಗೆ ನುಗ್ಗಿ ಸರಿಯಾದ ಜಾಗಕ್ಕೆ ಕೂಡದೆ ಚೆದುರುತ್ತೆ.

ಪದ ಸರಿ ಇರ್ಲಿ ಅಂತ ನಾನು ಇಷ್ಟು ಹಟ ಮಾಡ್ತಿರೋದಕ್ಕೆ ಕಾರಣ ಇದೆ. ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡೋ ಅಮೆರಿಕದ ಎಫ್‌ಡಿಎ ಕೈಜೋಡಿಸಿ ಲೇಸಿಕ್ ಆದೋರ ಮೇಲೆ ಮಾಡಿದ ಪ್ರೌಲ್ ಅನ್ನೋ ಎರಡು ಅಧ್ಯಯನ 2017ರಲ್ಲಿ ಪ್ರಕಟ ಆಯ್ತು. ಮುಂಚೆ ಇಂಥ ಯಾವ ತೊಂದರೆನೂ ಇಲ್ದೇ ಇದ್ದೋರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಜನ ಆಪರೇಷನ್ ಆಗಿ 3 ತಿಂಗಳಾದಾಗ ಹೊಸದಾಗಿ ಏನೋ ಒಂದು ಕಾಣ್ತಿದೆ ಅಂದಿದ್ರು, ಆದ್ರೆ ಅದ್ರಿಂದ ದಿನದ ಕೆಲಸಕ್ಕೇ ತುಂಬಾ ಕಷ್ಟ ಅಂದೋರು ಎಲ್ಲಾ ಸೇರಿ ನೂರಕ್ಕೆ ಒಬ್ಬರಿಗಿಂತ ಕಮ್ಮಿ. ಇನ್ನೊಂದು, ಡಾಕ್ಟರ ಹತ್ರ ಬಾಯಿ ಬಿಟ್ಟು ಹೇಳಿದ್ದಕ್ಕಿಂತ ಹಾಳೆ ಮೇಲೆ ಬರೆದುಕೊಟ್ಟಿದ್ದೇ ಹೆಚ್ಚು. ಹಾಗಾಗಿ "ಕಾಣುತ್ತಾ?" ಅನ್ನೋದೂ "ಕಾಟ ಕೊಡುತ್ತಾ?" ಅನ್ನೋದೂ ಬೇರೆ ಬೇರೆ ಪ್ರಶ್ನೆಯಾಗಿಯೇ ಇರಬೇಕು, ಗುಣಮಟ್ಟ ಅಂದ್ರೆ ಎರಡೂ ಒಂದೇ ಮೂಟೆಗೆ ಹೋಗುತ್ತೆ.

ಈಗ ಬಿಡಿ ಪದಗಳು. ದೀಪದ ಸುತ್ತ ಕಾಣೋ ಬೆಳಕಿನ ಬಳೆನ ಹೇಲೋ ಅಂತ ಹಾಗೇ ಬರೆದ್ರೆ ಫೋನ್ ಎತ್ತಿದ ಹಾಗಿರುತ್ತೆ. ಪ್ರಭಾವಳಿ ಅಂದ್ರೆ ದೇವರ ವಿಗ್ರಹ ನೆನಪಾಗುತ್ತೆ, ಪರಿವೇಷ ಯಾರಿಗೂ ತಿಳಿಯಲ್ಲ. ಚಂದ್ರ "ಗುಡಿ ಕಟ್ಟಿದೆ" ಅಂತೀವಲ್ಲ, ಆ ಗುಡಿ ನಂಗೆ ತುಂಬಾ ಇಷ್ಟ ಆಯ್ತು, "ದೀಪದ ಸುತ್ತ ಗುಡಿ ಕಟ್ಟಿದ ಹಾಗೆ ಕಾಣುತ್ತಾ?" ಅಂದ್ರೆ ಮುಗೀತು, ಆದ್ರೆ ಚಿಕ್ಕ ವಯಸ್ಸಿನೋರು ದೇವಸ್ಥಾನ ಅಂದ್ಕೊಂಡ್ರೆ? ಗ್ಲೇರ್‌ಗೆ ಕಣ್ಣು ಕೋರೈಸೋದು ಸಾಕು, ಅಲ್ಲಿ ತಕರಾರಿಲ್ಲ. ಸ್ಟಾರ್‌ಬರ್ಸ್ಟ್ ಅಂದ್ರೆ ದೀಪದಿಂದ ಬೆಳಕಿನ ಎಳೆಗಳು ಸುತ್ತಲೂ ಚಾಚಿರೋದು, ನಕ್ಷತ್ರಸ್ಫೋಟ ಅಂತ ಮಾತ್ರ ದಯವಿಟ್ಟು ಯಾರೂ ಹೇಳಬೇಡಿ.

ಘೋಸ್ಟಿಂಗ್ ಕಷ್ಟ. "ಎರಡೆರಡಾಗಿ ಕಾಣುತ್ತೆ" ಅಂದ್ರೆ ಎರಡು ಕಣ್ಣೂ ಹೊಂದಿಕೊಳ್ಳದೇ ಬರೋ ತೊಂದರೆಗೂ ಅದೇ ಮಾತು ಆಗುತ್ತೆ, ಅದಾದ್ರೆ ಒಂದು ಕಣ್ಣು ಮುಚ್ಚಿದ್ರೆ ಹೋಗುತ್ತೆ, ಇದು ಒಂದೇ ಕಣ್ಣಲ್ಲೂ ಅಕ್ಷರದ ಪಕ್ಕ ತೆಳುವಾಗಿ ಇನ್ನೊಂದು ಅಕ್ಷರ ಇದ್ದ ಹಾಗೆ. "ಅಕ್ಷರಕ್ಕೆ ನೆರಳು ಬಿದ್ದ ಹಾಗೆ" ಅಂತ ಹಾಕಿದೀನಿ ಸದ್ಯಕ್ಕೆ.

ಮಸುಕು, ಮಬ್ಬು, ಮಂಜು ಮೂರನ್ನೂ ನಾವು ಬೆರೆಸಿ ಆಡ್ತೀವಿ. ಮಂಜು ಅಂದ್ರೆ ಪೊರೆ ಬಂತು ಅಂತ ಗಾಬರಿಯಾಗ್ತಾರೆ, ಅದನ್ನ ಬಿಟ್ಟೆ. ಲೇಸರ್‌ನಲ್ಲಿ ಕಾರ್ನಿಯಾದ ನರಗಳು ಕತ್ತರಿಸಿ ಮೊದಲ ಕೆಲವು ತಿಂಗಳು ಕಣ್ಣು ಒಣಗುತ್ತೆ, ಆಗ ಬಂದು ರೆಪ್ಪೆ ಬಡಿದ್ರೆ ಹೋಗೋದಕ್ಕೆ ಮಸುಕು, ಮಂದ ಬೆಳಕಲ್ಲಿ ವಸ್ತುವಿಗೂ ಹಿನ್ನೆಲೆಗೂ ವ್ಯತ್ಯಾಸ ತಿಳಿಯದೆ ಇರೋದಕ್ಕೆ ಮಬ್ಬು, ಹೀಗೆ ಹಂಚಿದ್ರೆ ನಿಮಗೆ ಒಪ್ಪಿಗೆನಾ?

ತಲೆಬರಹಕ್ಕೆ "ನೋಟ ಎಷ್ಟು ನಿಚ್ಚಳವಾಗಿದೆ?" ಅಂತ ಯೋಚಿಸಿದೀನಿ. ನಿಚ್ಚಳ ಅನ್ನೋದು ನಿಮ್ಮ ಕಡೆ ಮಾತಲ್ಲಿ ಬಳಕೆಲಿದೆಯಾ, ಬರೀ ಬರಹದ ಪದನಾ? ಗುಡಿ ಬಗ್ಗೆನೂ ಹೇಳಿ.