ತ್ರೀಡಿಮೋಲ್ ಬಾಕ್ಸ್ ಖಾಲಿ ಬರ್ತಿದೆ, ಡಬಲ್ ಬಾಂಡೂ ಕಾಣ್ತಿಲ್ಲ

ಪ್ರಶ್ನೆ: ಕ್ಲಾಸಲ್ಲಿ ತೋರ್ಸೋಕೆ ತ್ರೀಡಿಮೋಲ್ (ಬ್ರೌಸರಲ್ಲಿ ಅಣುಗಳನ್ನ 3ಡಿಯಲ್ಲಿ ತೋರ್ಸೋ ಲೈಬ್ರರಿ) ಹಾಕಿ ಬೆಂಜೀನ್ ಪೇಜ್ ಮಾಡ್ತಿದೀನಿ. ಎಚ್‌ಟಿಎಂಎಲ್ ಫೈಲ್ ಡಬಲ್ ಕ್ಲಿಕ್ ಮಾಡಿದ್ರೆ ಬರೀ ಬಿಳಿ ಬಾಕ್ಸು, ಒಂದು ಆಟಮ್ಮೂ ಇಲ್ಲ. ಬೇರೆ ವ್ಯೂವರ್‌ನಲ್ಲಿ ಅದೇ ಪಿಡಿಬಿ ಫೈಲ್ (ಆಟಮ್‌ಗಳ ಜಾಗ ಬರ್ದಿರೋದು) ಹಾಕಿದ್ರೆ ಬರತ್ತೆ, ಆದ್ರೆ ಎಲ್ಲಾ ಸಿಂಗಲ್ ಬಾಂಡೇ. ಯಾಕೆ?

ಉತ್ತರ 1: ಎಫ್12 ಒತ್ತಿ ಕನ್ಸೋಲ್ ನೋಡಿ, ಕೆಂಪಕ್ಷರದಲ್ಲಿ ಕಾರ್ಸ್ (CORS) ಅಂತ ಬಂದಿದ್ರೆ ಕಾರಣ ಅದೇ. ಡಿಸ್ಕಿಂದ ನೇರ ತೆಗೆದ ಪೇಜಿಗೆ ಪಕ್ಕದಲ್ಲೇ ಇರೋ ಫೈಲನ್ನೂ ಓದೋಕೆ ಬ್ರೌಸರ್ ಬಿಡಲ್ಲ, ಪೈಥಾನ್ ಇದ್ರೆ ಅದರ ಜೊತೆ ಬರೋ ಎಚ್‌ಟಿಟಿಪಿ ಸರ್ವರ್ ಓಡ್ಸಿ ಲೋಕಲ್‌ಹೋಸ್ಟ್ 8000ದಲ್ಲಿ ತೆಗೀರಿ. ಎರರ್ ಏನೂ ಇಲ್ದಿದ್ರೆ ಡಿವ್‌ಗೆ (ಪೇಜಲ್ಲಿ ಅಣು ಬರೋ ಬಾಕ್ಸಿಗೆ) ಅಗಲ ಎತ್ತರ ಕೊಟ್ಟಿದೀರಾ ನೋಡಿ, ಎತ್ತರ ಸೊನ್ನೆ ಇದ್ರೆ ಏನೂ ಕಾಣಲ್ಲ.

ಉತ್ತರ 2: ಬಾಂಡ್ ವಿಷ್ಯ ವ್ಯೂವರ್ ತಪ್ಪಲ್ಲ ಗುರೂ. ಪಿಡಿಬಿಯಲ್ಲಿ ಸಿಂಗಲ್ಲಾ ಡಬಲ್ಲಾ ಅಂತ ಸಾಮಾನ್ಯವಾಗಿ ಬರ್ದೇ ಇರಲ್ಲ, ಅದು ಪ್ರೋಟೀನ್‌ಗೆ ಅಂತ ಹುಟ್ಟಿದ ಫಾರ್ಮ್ಯಾಟು. ಪಬ್‌ಕೆಮ್ ಅನ್ನೋ ರಾಸಾಯನಿಕಗಳ ಡೇಟಾಬೇಸಿಂದ ಎಸ್‌ಡಿಎಫ್ ಫೈಲ್ ಇಳಿಸ್ಕೊಳಿ, ಅದ್ರಲ್ಲಿ ಬಾಂಡ್ ಸಿಂಗಲ್ಲಾ ಡಬಲ್ಲಾ ಅಂತಾನೂ ಇರತ್ತೆ, 3ಡಿದೇ ಬೇಕು, 2ಡಿ ಫೈಲಲ್ಲಿ ಮೂರನೇ ಕಾಲಂ (ಆಳದ ಅಳತೆ, z) ಪೂರ್ತಿ 0.0000 ಇರತ್ತೆ. ಬೆಂಜೀನ್ ಹೇಗಿದ್ರೂ ಚಪ್ಪಟೆ, 2ಡಿನಾ 3ಡಿನಾ ಅಂತ ಅದ್ರಲ್ಲಿ ಗೊತ್ತಾಗಲ್ಲ, ಮೀಥೇನ್ ಹಾಕಿ ನೋಡಿ.

ಪ್ರಶ್ನೆ ಕೇಳಿದವರು: ಸರ್ವರ್ ಓಡ್ಸಿದ್ಮೇಲೆ ಬಂತು, ಥ್ಯಾಂಕ್ಸ್! ಲ್ಯಾಬಿನ ಹಳೇ ಕಂಪ್ಯೂಟರಲ್ಲಿ ಮಾತ್ರ ವೆಬ್‌ಜಿಎಲ್ (ಬ್ರೌಸರಲ್ಲಿ 3ಡಿ ಬಿಡಿಸೋ ವ್ಯವಸ್ಥೆ) ಇಲ್ಲ ಅಂತಿದೆ.

ಉತ್ತರ 2: ಬ್ರೌಸರ್ ಸೆಟ್ಟಿಂಗಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ ಆನ್ ಇದ್ಯಾ ನೋಡಿ. ಆಗ್ಲಿಲ್ವಾ, ಜೆಎಸ್‌ಮೋಲ್ ಅನ್ನೋ ಇನ್ನೊಂದು ವ್ಯೂವರ್ ಹಾಕಿ, ಅದಕ್ಕೆ ವೆಬ್‌ಜಿಎಲ್ಲೂ ಬೇಡ ಜಾವಾನೂ ಬೇಡ. ದೊಡ್ಡ ಪ್ರೋಟೀನ್ ತಿರುಗ್ಸಿದ್ರೆ ತೆವಳತ್ತೆ, ಬೆಂಜೀನ್‌ಗೆ ಧಾರಾಳ ಸಾಕು.