ಪಾಶ್ಚಾತ್ಯ ಮಾಧ್ಯಮಗಳ ಪ್ರಭಾವವನ್ನು ವಿರೋಧಿಸಿದ ದೇಶಗಳಿಗೆ ದಕ್ಕಿದ್ದೇನು?

ಪ್ರಶ್ನೆ (ವಿರಾಜಪೇಟೆಯಿಂದ):
ಎಪ್ಪತ್ತರ ದಶಕದಲ್ಲಿ ಅಲಿಪ್ತ ರಾಷ್ಟ್ರಗಳು (ಅಮೆರಿಕ, ಸೋವಿಯತ್ ಬಣಗಳೆರಡಕ್ಕೂ ಸೇರದ ದೇಶಗಳು) ರಾಯಿಟರ್ಸ್, ಎಪಿ, ಯುಪಿಐ, ಎಎಫ್‌ಪಿ ಎಂಬ ಪಾಶ್ಚಾತ್ಯ ಸುದ್ದಿಸಂಸ್ಥೆಗಳ ಹಿಡಿತವನ್ನು ಪ್ರಶ್ನಿಸಿದವು. 1980ರಲ್ಲಿ ಯುನೆಸ್ಕೋದ ಮ್ಯಾಕ್‌ಬ್ರೈಡ್ ಆಯೋಗದ ವರದಿಯೂ ಸುದ್ದಿಯ ಹರಿವಿನಲ್ಲಿರುವ ಅಸಮತೋಲನವನ್ನು ಎತ್ತಿ ತೋರಿಸಿತು. ಆ ಹೋರಾಟದಿಂದ ಫಲವೇನಾದರೂ ಸಿಕ್ಕಿತೇ? ಮನೆಯ ಮಕ್ಕಳು ನಮ್ಮ ಕೊಡಗಿನ ಭಾಷೆಯಾದ ಕೊಡವ ತಕ್ಕ್ ಬಿಟ್ಟು ಇಂಗ್ಲಿಷ್ ಕಾರ್ಟೂನುಗಳ ಮಾತನ್ನೇ ಆಡುತ್ತಿರುವುದರಿಂದ ಕೇಳುತ್ತಿದ್ದೇನೆ.

ಉತ್ತರ 1 (ಮಡಿಕೇರಿಯಿಂದ):
ಹೆಚ್ಚೇನೂ ಸಿಗಲಿಲ್ಲವೆಂದೇ ಹೇಳಬೇಕು. ಅಮೆರಿಕ 1984ರ ಕೊನೆಯಲ್ಲಿ, ಬ್ರಿಟನ್ ಮರುವರ್ಷ ಯುನೆಸ್ಕೋದಿಂದ ಹೊರನಡೆದವು. ಅವುಗಳ ವಂತಿಗೆಯೂ ನಿಂತು, ಸುದ್ದಿಯ ಹರಿವು ಸಮವಾಗಬೇಕೆಂದು ಅಲಿಪ್ತ ರಾಷ್ಟ್ರಗಳು ಕೇಳಿದ್ದ ಹೊಸ ಸುದ್ದಿ ವ್ಯವಸ್ಥೆಯ ಮಾತು ಕ್ರಮೇಣ ಮೂಲೆಗೆ ಸರಿಯಿತು. ಆದರೆ ಸೋಲಿಗೆ ಆ ಎರಡು ದೇಶಗಳಷ್ಟೇ ಕಾರಣವಲ್ಲ. ಅಲಿಪ್ತ ರಾಷ್ಟ್ರಗಳ ಸುದ್ದಿಸಂಸ್ಥೆಗಳ ಒಕ್ಕೂಟಕ್ಕೆ ರೂಪ ಕೊಟ್ಟ ಸಮ್ಮೇಳನ 1976ರ ಜುಲೈನಲ್ಲಿ ದೆಹಲಿಯಲ್ಲಿ ನಡೆದಾಗ ನಮ್ಮಲ್ಲಿ ತುರ್ತು ಪರಿಸ್ಥಿತಿಯಿತ್ತು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ದೇಶದ ನಾಲ್ಕು ಸುದ್ದಿಸಂಸ್ಥೆಗಳನ್ನು ಅದೇ ವರ್ಷ ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯೊಳಗೆ ಸೇರಿಸಲಾಗಿತ್ತು. ಹೊರಗಿನವರ ಏಕಸ್ವಾಮ್ಯವನ್ನು ಖಂಡಿಸುತ್ತಲೇ ಒಳಗೆ ಇನ್ನೊಂದನ್ನು ಕಟ್ಟಿದವರ ಮಾತಿಗೆ ಬೆಲೆ ಬರುವುದಾದರೂ ಹೇಗೆ? 2005ರಲ್ಲಿ, ದೇಶಗಳು ತಮ್ಮ ಸಂಸ್ಕೃತಿಯನ್ನು ಕಾಪಾಡಿಕೊಳ್ಳಲು ಕ್ರಮ ಕೈಗೊಳ್ಳಬಹುದೆನ್ನುವ ಸಾಂಸ್ಕೃತಿಕ ವೈವಿಧ್ಯದ ಒಡಂಬಡಿಕೆಯನ್ನು ಯುನೆಸ್ಕೋ ಅಂಗೀಕರಿಸಿದಾಗ 148 ದೇಶಗಳು ಪರವಾಗಿದ್ದವು, ಅಮೆರಿಕ ಮತ್ತು ಇಸ್ರೇಲ್ ಮಾತ್ರ ವಿರೋಧಿಸಿದವು. ಆದರೂ ಮರುವರ್ಷವೇ ದಕ್ಷಿಣ ಕೊರಿಯಾ ಅಮೆರಿಕದ ಒತ್ತಡಕ್ಕೆ ಮಣಿದು ಚಿತ್ರಮಂದಿರಗಳಲ್ಲಿ ಸ್ವದೇಶಿ ಚಿತ್ರಗಳಿಗೆ ಮೀಸಲಾಗಿದ್ದ ವರ್ಷದ 146 ದಿನಗಳನ್ನು 73ಕ್ಕೆ ಇಳಿಸಿತು.

ಉತ್ತರ 2 (ಪೊನ್ನಂಪೇಟೆಯಿಂದ):
ಕೊಡಗಿನ ಮಟ್ಟಿಗೆ ಪಶ್ಚಿಮವನ್ನಷ್ಟೇ ದೂರುವುದು ಸರಿಯಲ್ಲ. 2011ರ ಜನಗಣತಿಯಂತೆ ಕೊಡವ ಭಾಷಿಕರು ಸುಮಾರು 1.13 ಲಕ್ಷ, ಇಷ್ಟು ಚಿಕ್ಕ ಭಾಷೆಗೆ ಹಾಲಿವುಡ್ಡಿನಷ್ಟೇ ಕನ್ನಡ, ಹಿಂದಿ ಧಾರಾವಾಹಿಗಳೂ ಭಾರವೇ. (ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆಂಬುದು ಬೇರೆ ಮಾತು.) ತಡೆಯುವುದಕ್ಕಿಂತ ನಮ್ಮದಾಗಿಸಿಕೊಂಡದ್ದು ಬಾಳುತ್ತದೆ ಎಂಬುದಕ್ಕೆ ಹಾಕಿಯನ್ನೇ ನೋಡಿ: ಬ್ರಿಟಿಷರ ಕಾಲದಲ್ಲಿ ಬಂದ ಆಟ, 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಕೌಟುಂಬಿಕ ಹಾಕಿ ಉತ್ಸವ ಆರಂಭವಾದ ಮೇಲೆ ಒಕ್ಕದ (ಕೊಡವ ಮನೆತನದ) ಹೆಸರಿನಲ್ಲಿ ಗಂಡಸರು, ಹೆಂಗಸರು ಒಂದೇ ತಂಡವಾಗಿ ಆಡುವ ಹಬ್ಬವಾಗಿದೆ.

ಉತ್ತರ 3 (ಭಾಗಮಂಡಲದಿಂದ):
ಉತ್ಸವದಿಂದ ಒಕ್ಕ ಉಳಿದೀತು, ಮಾತು ಉಳಿಯುವುದೆಂಬ ಭರವಸೆ ನನಗಿಲ್ಲ. ಕನ್ನಡದ ಉಪಭಾಷೆಯಾದ ಅರೆಭಾಷೆಯಾಡುವ ನಮ್ಮ ಮನೆಗಳಲ್ಲಿಯೂ ಇದೇ ಪಾಡು. ಕಾರ್ಟೂನಿಗಿಂತ ಮೊದಲು ಮಕ್ಕಳನ್ನು ಇಂಗ್ಲಿಷಿನತ್ತ ತಿರುಗಿಸಿದ್ದು ನಾವೇ ಆರಿಸಿದ ಶಾಲೆ. ಅಲ್ಲಿ ಯಾವ ದೇಶದ ಮೀಸಲು ನಿಯಮವೂ ಕೆಲಸ ಮಾಡದು. ಮಡಿಕೇರಿ ಆಕಾಶವಾಣಿಯ ಕೊಡವ ಕಾರ್ಯಕ್ರಮಗಳನ್ನು ಮಕ್ಕಳೊಂದಿಗೆ ಕುಳಿತು ಕೇಳುವ ರೂಢಿ ನಿಮ್ಮಲ್ಲಿದೆಯೇ ಎಂದು ಪ್ರಶ್ನೆ ಕೇಳಿದವರು ದಯವಿಟ್ಟು ತಿಳಿಸಬೇಕು.